ಓದುಗರ ಪ್ರಶ್ನೆ: ಪ್ರಾಚೀನ ಗ್ರೀಕ್ ಬರೆದು ಕಲಿಯುವುದು, ತಿದ್ದಿಸಿಕೊಳ್ಳುವುದು

ಪ್ರಶ್ನೆ: ಒಂದು ವರ್ಷದಿಂದ ಪ್ರಾಚೀನ ಗ್ರೀಕ್ ಓದುತ್ತಿದ್ದೇನೆ. ನಿಘಂಟು ಹಿಡಿದರೆ ಕ್ಸೆನೊಫೋನನ ಗದ್ಯ ಅರ್ಥವಾಗುತ್ತದೆ, ಆದರೆ ಪದರೂಪಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಇವತ್ತು ಯಾರೂ ಆಡದ ಭಾಷೆಯಲ್ಲಿ ಬರೆದು ಅಭ್ಯಾಸ ಮಾಡಿ ಉಪಯೋಗವೇನು?
— ಓದುಗರೊಬ್ಬರು, ಧಾರವಾಡ

ಉತ್ತರ: ಓದುವಾಗ ರೂಪವನ್ನು ಗುರುತಿಸಿದರೆ ಸಾಕು, ಬರೆಯುವಾಗ ಅದನ್ನು ನೀವೇ ಕಟ್ಟಬೇಕು. 'ಎಮಥೊನ್' ಕಂಡರೆ 'ಕಲಿತೆ' ಎಂದು ಊಹಿಸಿಬಿಡಬಹುದು. 'ಕಲಿಯುವರು', 'ಕಲಿತಿದ್ದಾರೆ' ಎಂದು ಬರೆಯಹೊರಟಾಗಲೇ ಮಂಥನೋ, ಮಥೇಸೊಮಯ್, ಎಮಥೊನ್, ಮೆಮಥೇಕ (ಕಲಿಯುತ್ತೇನೆ, ಕಲಿಯುವೆ, ಕಲಿತೆ, ಕಲಿತಿದ್ದೇನೆ) ಎಂಬ ಸಾಲು ನಿಮಗೆ ಬರುತ್ತದೆಯೋ ಇಲ್ಲವೋ ಗೊತ್ತಾಗುವುದು.

ಗುರು ಸಿಗುವ ತನಕ ಹೀಗೆ ಮಾಡಿ. ಕ್ಸೆನೊಫೋನನ ಐದಾರು ಸಾಲನ್ನು ಕನ್ನಡಕ್ಕೆ ಬರೆದಿಟ್ಟುಕೊಂಡು ಪುಸ್ತಕ ಮುಚ್ಚಿ. ಮರುದಿನ ನಿಮ್ಮ ಕನ್ನಡವನ್ನಷ್ಟೇ ನೋಡಿ ಗ್ರೀಕಿಗೆ ತನ್ನಿ, ಆಮೇಲೆ ಮೂಲದ ಪಕ್ಕ ಇಟ್ಟು ನೋಡಿ. ಇಂಗ್ಲೆಂಡಿನ ರೋಜರ್ ಆಸ್ಕಮ್ ಲ್ಯಾಟಿನ್‌ಗೆ ಸೂಚಿಸಿದ ಕ್ರಮವಿದು, 1570ರಲ್ಲಿ ಅಚ್ಚಾಯಿತು. ಅವನು ನಡುವೆ ಒಂದು ಗಂಟೆಯಾದರೂ ಬಿಡಬೇಕೆಂದ. ಒಂದು ದಿನ ಬಿಡುವುದೇ ಮೇಲು. ಗಂಟೆಯೊಳಗೆ ಬರೆದರೆ ಬಾಯಿಪಾಠ ಒಪ್ಪಿಸಿದಂತಾಗುತ್ತದೆ.

ಪ್ರಶ್ನೆ: ಕನ್ನಡದಿಂದ ನೇರವಾಗಿ ಬರೆಯುವುದೋ, ಇಂಗ್ಲಿಷ್ ಮೂಲಕವೋ?
— ಸಂಸ್ಕೃತ ವಿದ್ಯಾರ್ಥಿನಿ, ಮೈಸೂರು

ಉತ್ತರ: ನೇರವಾಗಿಯೇ ಬರೆಯಿರಿ. ಎಷ್ಟೋ ಕಡೆ ಕನ್ನಡವೇ ಗ್ರೀಕಿಗೆ ಹತ್ತಿರ. 'ನನಗೆ ಅನಿಸುತ್ತದೆ' ಅನ್ನುವುದಕ್ಕೆ 'ದೊಕೇಯ್ ಮೊಯ್', 'ನನಗೊಬ್ಬ ಮಗನಿದ್ದಾನೆ' ಅನ್ನುವುದಕ್ಕೆ 'ಎಸ್ತಿ ಮೊಯ್ ಹುಯೊಸ್'. ಎರಡರಲ್ಲೂ ನಮ್ಮಂತೆಯೇ ಚತುರ್ಥಿ. ಬಂದು, ನೋಡಿ, ಕೇಳಿ ಎಂದು ಪೋಣಿಸಿ ಒಂದೇ ಪೂರ್ಣ ಕ್ರಿಯಾಪದದ ಮೇಲೆ ವಾಕ್ಯ ನಿಲ್ಲಿಸುವ ರೀತಿಯೂ ಗ್ರೀಕ್ ಗದ್ಯಕ್ಕೆ ಒಗ್ಗುತ್ತದೆ.

ಎಡವುವುದೂ ಅಲ್ಲೇ. ನಮ್ಮ 'ಬಂದು' ಯಾರು ಬಂದರೂ 'ಬಂದು'ವೇ. ಗ್ರೀಕ್ ಕೃದಂತ ಲಿಂಗ, ವಚನ, ವಿಭಕ್ತಿಗಳಲ್ಲಿ ಹೊಂದಬೇಕು: ಅವನಿಗೆ ಎಲ್ಥೋನ್, ಅವಳಿಗೆ ಎಲ್ಥೂಸ, ಗಂಡಸರು ಹಲವರಾದರೆ ಎಲ್ಥೊಂತೆಸ್. 'ಸೇತುವೆ ಮುರಿದು ಸೈನಿಕರು ನದಿಗೆ ಬಿದ್ದರು' ಎಂಬ ವಾಕ್ಯ ನೋಡಿ. ಮುರಿದದ್ದು ಸೇತುವೆ, ಬಿದ್ದದ್ದು ಸೈನಿಕರು. ಕರ್ತೃ ಬೇರೆಯಾದ್ದರಿಂದ ಸೇತುವೆ ತನ್ನ ಕೃದಂತದ ಸಮೇತ ಷಷ್ಠಿಗೆ ಹೋಗುತ್ತದೆ: 'ತೇಸ್ ಗೆಫೂರಾಸ್ ಲುಥೇಯ್ಸೇಸ್ ಹೊಯ್ ಸ್ತ್ರತಿಯೋತಯ್ ಏಯ್ಸ್ ತೊನ್ ಪೊತಮೊನ್ ಎಪೆಸೊನ್'. ಸಂಸ್ಕೃತದಲ್ಲಿ ಇಂಥ ಕಡೆ ಬರುವ ಸತಿ ಸಪ್ತಮಿ ಬಲ್ಲ ನಿಮಗೆ ಇದು ಹೊಸದಲ್ಲ, ವಿಭಕ್ತಿಯಷ್ಟೇ ಬೇರೆ.

ಕನ್ನಡಿಗರ ಹಾಳೆಗಳಲ್ಲಿ ಬರುವ ಉಳಿದ ತಪ್ಪುಗಳೂ ಹೆಚ್ಚುಕಡಿಮೆ ಊಹಿಸಬಹುದಾದವೇ. ಹೊ, ಹೇ, ತೊ ಎಂಬ ಉಪಪದ (ಇಂಗ್ಲಿಷಿನ 'the' ಥರದ್ದು) ಬಿಟ್ಟುಹೋಗುತ್ತದೆ, ನಮ್ಮಲ್ಲಿ ಅದಿಲ್ಲವಲ್ಲ. ನಾಮಪದವನ್ನು ಮೊದಲಿಂದಲೂ ಅದರ ಉಪಪದದ ಜೊತೆಗೇ ಬಾಯಿಪಾಠ ಮಾಡಿದರೆ ಲಿಂಗದ ತಾಪತ್ರಯವೂ ತಪ್ಪುತ್ತದೆ. ನಪುಂಸಕ ಬಹುವಚನಕ್ಕೆ ಏಕವಚನ ಕ್ರಿಯಾಪದ: 'ತ ದೆಂದ್ರ ಎಪೆಸೆನ್'. ಬರಹದ 'ಮರಗಳು ಬಿದ್ದವು' ಮರೆತು ಮಾತಿನ 'ಎರಡು ಮರ ಬಿತ್ತು' ನೆನಪಿಟ್ಟುಕೊಳ್ಳಿ. 'ಬರುವುದಿಲ್ಲ ಎಂದ' ಎನ್ನಲು 'ಎಫೇ' (ಎಂದ) ಬಳಸಿದರೆ ನಿಷೇಧದ 'ಊಕ್' ಅದರ ಮುಂದಕ್ಕೆ ಜಿಗಿಯುತ್ತದೆ: 'ಊಕ್ ಎಫೇ ಹೇಕ್ಸೇಯ್ನ್'. ಎಲ್ಲಕ್ಕಿಂತ ಹೆಚ್ಚಾಗಿ, ವಾಕ್ಯಗಳ ನಡುವೆ ಕೊಂಡಿ ಇರುವುದಿಲ್ಲ. ಗ್ರೀಕ್ ಗದ್ಯದಲ್ಲಿ ಪ್ರತಿ ವಾಕ್ಯವೂ ಸಾಮಾನ್ಯವಾಗಿ 'ದೆ' (ಆದರೆ, ಮತ್ತು), 'ಗರ್' (ಏಕೆಂದರೆ), 'ಊನ್' (ಹಾಗಾಗಿ) ಇಂಥ ಅವ್ಯಯದಿಂದ ಹಿಂದಿನದಕ್ಕೆ ಅಂಟಿಕೊಂಡಿರುತ್ತದೆ. ಈ ಮೂರೂ ವಾಕ್ಯದ ಮೊದಲ ಪದವಾಗಿ ಬರುವುದಿಲ್ಲ.

ಪ್ರಶ್ನೆ: ಗುರುಗಳು ಹಾಳೆಯನ್ನೆಲ್ಲ ಕೆಂಪು ಮಾಡಿ ಕೊಡುತ್ತಾರೆ. ಕೆಲವು ತಿದ್ದುಪಡಿ ಒಪ್ಪಲು ಮನಸ್ಸಾಗುವುದಿಲ್ಲ. ವಾದಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಯಾವ ಬಗೆಯ ತಿದ್ದುಪಡಿ ಎಂಬುದನ್ನು ಮೊದಲು ನೋಡಿ. ಪದರೂಪ ತಪ್ಪಿದ್ದರೆ ವಾದವಿಲ್ಲ, ಕೋಷ್ಟಕ ತೆರೆದರೆ ಮುಗಿಯಿತು. ವಾಕ್ಯರಚನೆಯದಾದರೆ ಯಾವ ನಿಯಮ ಎಂದು ಕೇಳಿ, ವ್ಯಾಕರಣದಲ್ಲಿ ಆ ಭಾಗ ಓದಿ. 'ಗ್ರೀಕರು ಹೀಗೆ ಹೇಳುವುದಿಲ್ಲ' ಎಂಬಂಥದ್ದಕ್ಕೆ ಮಾತ್ರ ಎದುರಾಡಬಹುದು, ಅದೂ ಕೈಯಲ್ಲಿ ಉದಾಹರಣೆ ಇಟ್ಟುಕೊಂಡು. ನೀವು ಬರೆಯುತ್ತಿರುವುದು ಆಟಿಕ್, ಅಂದರೆ ಅಥೆನ್ಸ್ ಕಡೆಯ ಗ್ರೀಕ್, ಗದ್ಯವಾದರೆ ಸಾಕ್ಷಿ ಪ್ಲೇಟೊ, ಲೈಸಿಯಸ್, ಡೆಮಾಸ್ತನೀಸ್ ಇವರಿಂದ ಬರಲಿ. ಹೋಮರನ ಸಾಲು ಅದಕ್ಕಿಂತ ಬಹಳ ಹಿಂದಿನ ಕಾವ್ಯಭಾಷೆ, ಹೊಸ ಒಡಂಬಡಿಕೆಯದು ನಂತರದ ಕಾಲದ ಸಾಮಾನ್ಯ ಬಳಕೆಯ ಗ್ರೀಕ್ ಆದ ಕೊಯ್ನೆ, ಎರಡೂ ನಡೆಯವು. 'ನಾನು ಬರೆದದ್ದು ತಪ್ಪೇ, ಅಥವಾ ನಿಮ್ಮದು ಇನ್ನೂ ಚೆನ್ನಾಗಿದೆಯೇ?' ಎಂಬ ಒಂದು ಪ್ರಶ್ನೆ ಅರ್ಧ ಜಗಳ ತಪ್ಪಿಸುತ್ತದೆ.

ಕೆಂಪು ಕಡಿಮೆ ಮಾಡುವ ದಾರಿಯೂ ಇದೆ. ಒಂದು ಸಲಕ್ಕೆ ಹತ್ತು ವಾಕ್ಯ ಮೀರದಿರಲಿ. ಕನ್ನಡ ಮೂಲವನ್ನೂ ಜೊತೆಗಿಡಿ. ನೀವು ಹೇಳಹೊರಟದ್ದೇನೆಂದು ತಿಳಿಯದೆ ತಿದ್ದುವುದು ಕಷ್ಟ. ಮೊದಲ ಸುತ್ತಿನಲ್ಲಿ ಉತ್ತರ ಕೊಡದೆ ಬರೀ ಅಡಿಗೆರೆ ಹಾಕಿ, ವಿಭಕ್ತಿಗೆ 'ವಿ', ಕಾಲಕ್ಕೆ 'ಕಾ', ಪದದ ಆಯ್ಕೆಗೆ 'ಪ' ಎಂದಷ್ಟೇ ಗುರುತಿಸಲು ಕೇಳಿಕೊಳ್ಳಿ. ನೀವು ಸರಿಪಡಿಸಲಾಗದೆ ಉಳಿದದ್ದನ್ನು ಎರಡನೇ ಸುತ್ತಿನಲ್ಲಿ ಅವರು ತಿದ್ದಲಿ. ಆಮೇಲೆ ಇಡೀ ಭಾಗವನ್ನು ಕೈಯಲ್ಲಿ ಹೊಸದಾಗಿ ಬರೆಯಿರಿ. ತಿದ್ದಿದ್ದನ್ನು ಓದಿ ತಲೆಯಾಡಿಸಿ ಎತ್ತಿಟ್ಟರೆ ಮುಂದಿನ ವಾರ ಅದೇ ತಪ್ಪು ಗ್ಯಾರಂಟಿ. ಒಂದು ತಪ್ಪು ಮೂರನೇ ಸಲ ಬಂದರೆ ಅದೊಂದಕ್ಕೇ ಐದು ವಾಕ್ಯ ಬರೆದು ತೋರಿಸಿ.

ಪ್ರಶ್ನೆ: ಗ್ರೀಕ್ ಅಕ್ಷರಗಳ ಮೇಲೆ ಉಚ್ಚಾರದ ಏರಿಳಿತ ತೋರಿಸುವ ಸ್ವರಚಿಹ್ನೆಗಳನ್ನು ಆಮೇಲೆ ಕಲಿತರಾಗದೇ?
— ಓದುಗರು, ಉಡುಪಿ

ಉತ್ತರ: ಆಗದು. 'ಮೆನೇಯ್' ಎಂಬುದರಲ್ಲಿ ಸ್ವರ ಮೊದಲ ಅಕ್ಷರದ ಮೇಲಿದ್ದರೆ 'ಉಳಿಯುತ್ತಾನೆ', ಕೊನೆಯದರ ಮೇಲಿದ್ದರೆ 'ಉಳಿಯುವನು'. ಕಂಪ್ಯೂಟರಿನಲ್ಲಿ ಹಳೆಯ ಎಲ್ಲ ಸ್ವರಚಿಹ್ನೆಗಳೂ ಇರುವ 'ಗ್ರೀಕ್ ಪಾಲಿಟೋನಿಕ್' ಕೀಲಿಮಣೆ ಹಾಕಿಕೊಳ್ಳಿ. 1982ರಲ್ಲಿ ಆಧುನಿಕ ಗ್ರೀಕ್ ಒಂದೇ ಸ್ವರಚಿಹ್ನೆಗೆ ಇಳಿದಿದೆ, ಹಾಗಾಗಿ ಅದರ ಮಾಮೂಲಿ ಕೀಲಿಮಣೆ ಸಾಲದು. ಅನುವಾದ ಆ್ಯಪ್‌ಗಳಲ್ಲಿ 'ಗ್ರೀಕ್' ಎಂದು ಆರಿಸಿದರೆ ಸಿಗುವುದೂ ಸಾಮಾನ್ಯವಾಗಿ ಈ ಆಧುನಿಕ ಗ್ರೀಕೇ, ಚತುರ್ಥಿ ವಿಭಕ್ತಿ ಬಳಕೆಯಿಂದ ಬಿದ್ದುಹೋದ ಭಾಷೆ. ಅದರಿಂದ ನಿಮ್ಮ ವಾಕ್ಯ ತಿದ್ದಿಸಬೇಡಿ.