ಜಿರ್ಯಾಬನಿಗೆ ಹಾಡಲು ಪುರುಸೊತ್ತು ಸಿಕ್ಕಿದ್ದು ಯಾವಾಗ?

ಹೋದ ಸಂಚಿಕೆಯಲ್ಲಿ ಸ್ಪೇನಿನ ಕಾರ್ಡೊಬಾದ ಆಸ್ಥಾನ ಗಾಯಕ ಜಿರ್ಯಾಬ್ ಬಗ್ಗೆ ಬರೆದಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: "ಹೊಸ ಕೇಶವಿನ್ಯಾಸ, ಗಾಜಿನ ಲೋಟ, ಋತುವಿಗೊಂದು ಬಟ್ಟೆ, ಊದ್ ವಾದ್ಯಕ್ಕೆ ಐದನೇ ತಂತಿ, ಎಲ್ಲ ಇವನೊಬ್ಬನೇ ತಂದನೇ? ಹಾಡಲು ಪುರುಸೊತ್ತು ಸಿಕ್ಕಿದ್ದು ಯಾವಾಗ ಸ್ವಾಮಿ?"

ಓದಿ ನಕ್ಕೆವು. ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಜಿರ್ಯಾಬ್ ತೀರಿಕೊಂಡದ್ದು 857ರ ಸುಮಾರಿಗೆ. ಆ ಪಟ್ಟಿಯನ್ನು ಲೋಕಕ್ಕೆಲ್ಲ ಹಬ್ಬಿಸಿದ ಇತಿಹಾಸಕಾರ ಅಲ್ ಮಕ್ಕರಿ 17ನೇ ಶತಮಾನದವನು. ಹಳೆಯ ಇತಿಹಾಸಕಾರ ಇಬ್ನ್ ಹಯ್ಯಾನನನ್ನು ನೋಡಿಕೊಂಡೇ ಬರೆದ, ನಿಜ. ಆದರೆ ಹಯ್ಯಾನ್ ಕೂಡ 11ನೇ ಶತಮಾನದವನು. ಜಾಣತನದ ಕಥೆಯೆಲ್ಲ ತೆನಾಲಿ ರಾಮನ ಲೆಕ್ಕಕ್ಕೆ ಹೋಗುವುದಿಲ್ವಾ, ಹಾಗೇ ಇದೂ. ಐದನೇ ತಂತಿಯ ಮಾತು ಜಿರ್ಯಾಬನ ಕಾಲದವನೇ ಆದ ಬಾಗ್ದಾದಿನ ತತ್ವಜ್ಞಾನಿ ಅಲ್ ಕಿಂದಿಯ ಬರಹದಲ್ಲೂ ಇದೆ.

ಗುರು ಇಸ್ಹಾಕ್ ಹೊಟ್ಟೆಕಿಚ್ಚಿನಿಂದ ಜಿರ್ಯಾಬನನ್ನು ಬಾಗ್ದಾದ್ ಬಿಡಿಸಿದ ಎಂಬ ಕಥೆಯನ್ನೂ ನಾವು ಸುಮ್ನೆ ನಂಬಿ ಹಾಕಿಬಿಟ್ಟೆವು. ಜಿರ್ಯಾಬ್ ಸತ್ತು ನೂರು ವರ್ಷವಾಗುವ ಮೊದಲೇ ಕಾರ್ಡೊಬಾದಲ್ಲಿ ಬರೆದ ಇಬ್ನ್ ಅಬ್ದ್ ರಬ್ಬಿಹಿ ಬೇರೆಯೇ ಹೇಳುತ್ತಾನೆ. ಅವನ ಪ್ರಕಾರ ಜಿರ್ಯಾಬ್ ಇಸ್ಹಾಕನ ತಂದೆ ಇಬ್ರಾಹಿಮನ ಗುಲಾಮ, ಕಪ್ಪು ಮೈಬಣ್ಣದವನು. ಮುಂದೆ ಟ್ಯುನೀಷಿಯಾದ ಕೈರವಾನ್ ಆಸ್ಥಾನ ಸೇರಿದ. ಅಲ್ಲಿ ಒಂದು ದಿನ ಅಂತರಾ ಎಂಬ ಹಳೆಯ ಕವಿಯ ಪದ್ಯ ಹಾಡಿದ. ನನ್ನ ತಾಯಿ ಕಾಗೆಯಂತೆ ಕಪ್ಪಾದರೇನು, ನನ್ನ ಕತ್ತಿಯನ್ನು ನೋಡಿ ಎನ್ನುವ ಧಾಟಿಯ ಪದ್ಯ. ದೊರೆ ಜಿಯಾದತ್ ಅಲ್ಲಾಹ್ ಕೆಂಡವಾದ. ಕತ್ತಿನ ಮೇಲೆ ಹೊಡೆಸಿ, ಮೂರು ದಿನದಲ್ಲಿ ಊರು ಬಿಡು ಎಂದ. ನನಗೆ ಈ ಕಥೆಯೇ ಜಾಸ್ತಿ ನಂಬಿಕೆಗೆ ಹತ್ತಿರ ಅನ್ನಿಸುತ್ತದೆ. ಇದರಲ್ಲಿ ಅವನಿಗೆ ಹೊಗಳಿಕೆಯೇ ಇಲ್ಲ, ಬಿದ್ದದ್ದು ಏಟು.

822ರಲ್ಲಿ ಕಾರ್ಡೊಬಾದ ಹೊಸ ಅಮೀರ, ಅಂದರೆ ದೊರೆ, ಎರಡನೇ ಅಬ್ದುಲ್ ರಹಮಾನ್ ಅವನನ್ನು ಬರಮಾಡಿಕೊಂಡ. ತಿಂಗಳಿಗೆ 200 ದಿನಾರ್ ಸಂಬಳ ಎನ್ನುತ್ತಾನೆ ಮಕ್ಕರಿ.

ಇನ್ನು ಹಾಡುವ ವಿಷಯ. ಅವನ ಪಾಠದ ವಿವರವೂ ಮಕ್ಕರಿಯ ಪುಸ್ತಕದ್ದೇ, ಆದರೂ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೊಸ ಶಿಷ್ಯನನ್ನು ದಿಂಬಿನ ಮೇಲೆ ಕೂರಿಸಿ ಜೋರಾಗಿ ಕೂಗಿಸುತ್ತಿದ್ದ. ದನಿ ಮೆತ್ತಗಿದ್ದರೆ ಹೊಟ್ಟೆಗೆ ರುಮಾಲು ಬಿಗಿಸುತ್ತಿದ್ದ. ಬಾಯಿ ಸರಿಯಾಗಿ ತೆರೆಯದವನಿಗೆ ಮೂರು ಬೆರಳು ಅಗಲದ ಮರದ ತುಂಡು ಕೊಟ್ಟು, ಕೆಲವು ರಾತ್ರಿ ಬಾಯಲ್ಲಿ ಇಟ್ಟುಕೊಂಡೇ ಮಲಗು ಎನ್ನುತ್ತಿದ್ದ. ನಮ್ಮ ಲೇಖನದಲ್ಲಿ ಇದೇ ಬಿಟ್ಟುಹೋಗಿತ್ತು. ಲೋಟ ಮಾತ್ರ ಬಂದಿತ್ತು.

— ಸಂಪಾದಕ