ಮೆಟ್ಟಿಲುಗಳೇ ತುಂಬಿರುವ ಊರಿನಲ್ಲಿ ಗಾಲಿಕುರ್ಚಿಯವರು ಇಳಿಜಾರು ಕೇಳುವುದು ಸರಿಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿರುವ ಇಪ್ಪತ್ತಮೂರು ವರ್ಷದ ತಮ್ಮನನ್ನು ಮಾನ್ವಿ ಹತ್ತಿರದ ನಿಮ್ಮ ಹಳ್ಳಿಗೆ ಕರೆತಂದಿದ್ದೀರಿ. ಎಲ್ಲಿಗೆ ಹೋದರೂ ಮೆಟ್ಟಿಲು. ಎತ್ತಲು ಹೇಗೂ ಯಾರಾದರೂ ಸಿಗುತ್ತಾರೆ. ಹಾಗಿರುವಾಗ ಇಳಿಜಾರು ಮಾಡಿಸಿ ಎಂದು ಕಚೇರಿಗಳಲ್ಲಿ ಪಟ್ಟು ಹಿಡಿಯುವುದು ಸರಿಯೇ, ಅದಕ್ಕೆ ಕಾನೂನಿನ ಬಲ ಇದೆಯೇ ಎಂದು ಕೇಳಿದ್ದೀರಿ.

ಸರಿಯೇ. ಬಲವೂ ಇದೆ. ಆದರೆ ಎತ್ತುವವರ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಹಲವು ವರ್ಷಗಳನ್ನು ತಿಂದದ್ದು ಅದೇ.

ನಾನು ರಾಯಚೂರಿನವಳು. ಹದಿನಾಲ್ಕು ವರ್ಷಗಳ ಹಿಂದೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋಗಿ ಕೆಳಗೆ ಬಿದ್ದೆ. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಈಗ ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ಗಣಿತದ ಪಾಠ ಹೇಳುತ್ತೇನೆ.

ನಮ್ಮ ಕಡೆಯ ಜನ ಕೈಕೊಡುವವರಲ್ಲ. ಮೆಟ್ಟಿಲ ಮುಂದೆ ಕುರ್ಚಿ ನಿಂತರೆ ಸಾಕು, ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಓಡಿಬರುತ್ತಾರೆ. ನಾನು ಪಿಂಚಣಿಯ ಕೆಲಸಕ್ಕೆ ಹೋಗುತ್ತಿದ್ದ ಕಚೇರಿಗೆ ಏಳು ಮೆಟ್ಟಿಲುಗಳಿದ್ದವು. ಆರಂಭದಲ್ಲಿ ಅಲ್ಲಿನ ಜವಾನ ಮತ್ತು ಯಾರೋ ದಾರಿಹೋಕರು ಎತ್ತುತ್ತಿದ್ದರು. ಒಂದು ದಿನ ಒಬ್ಬರು ಕುರ್ಚಿಯ ಕೈಹಿಡಿಕೆ ಹಿಡಿದು ಎತ್ತಿದರು. ಅದು ಕಳಚುವಂಥದ್ದು, ಅವರ ಕೈಯಲ್ಲೇ ಉಳಿಯಿತು, ನಾನು ನಾಲ್ಕನೆಯ ಮೆಟ್ಟಿಲಿನಿಂದ ಉರುಳಿದೆ. ಕಾಲು ಕಲ್ಲಿಗೆ ಉಜ್ಜಿ ಸುಲಿದದ್ದು ನನಗೆ ಗೊತ್ತಾಗಲಿಲ್ಲ, ರಾತ್ರಿ ಅಮ್ಮ ನೋಡಿದಳು. ಆ ಗಾಯ ಮಾಯಲು ಮೂರು ತಿಂಗಳು ಬೇಕಾಯಿತು. ನಿಮ್ಮ ತಮ್ಮನನ್ನು ಎತ್ತಲೇಬೇಕಾಗಿ ಬಂದರೆ, ಕುರ್ಚಿಯ ಚೌಕಟ್ಟನ್ನೇ ಹಿಡಿಯಬೇಕೆಂದು ಎತ್ತುವವರಿಗೆ ಮೊದಲೇ ಹೇಳಿ. ಮನೆಗೆ ಬಂದ ಮೇಲೆ ಅವನ ಪಾದ, ಹಿಮ್ಮಡಿ, ಕುಳಿತುಕೊಳ್ಳುವ ಭಾಗವನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಲಿ.

ಬಿದ್ದ ಮೇಲೆ ಕಚೇರಿಯವರು ಇನ್ನೂ ದಯೆ ತೋರಿದರು. ಅಧಿಕಾರಿಯೇ ಕಡತ ಹಿಡಿದು ಹೊರಗಿನ ಬೇವಿನ ಮರದ ಕೆಳಗೆ ಬಂದು ಸಹಿ ಹಾಕಿಸಿಕೊಂಡರು. ನಾನು ಕೈಮುಗಿದೆ. ಎರಡು ವರ್ಷ ನನ್ನ ಎಲ್ಲ ಕೆಲಸಗಳೂ ಆ ಮರದ ಕೆಳಗೇ ನಡೆದವು. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇ 5ರ ಅನುದಾನವನ್ನು ಹೇಗೆ ಖರ್ಚು ಮಾಡಬೇಕೆಂಬ ಸಭೆಗೆ ನನಗೂ ಕರೆ ಬಂದಾಗ ಮೊದಲ ಬಾರಿಗೆ ಎದೆಯಲ್ಲಿ ಏನೋ ಚುಚ್ಚಿತು. ಸಭೆ ಮೊದಲ ಮಹಡಿಯಲ್ಲಿತ್ತು. 'ಅಕ್ಕಾ, ನೀವು ಹೇಳಬೇಕಾದದ್ದನ್ನು ಬರೆದುಕೊಡಿ, ನಾವು ಓದುತ್ತೇವೆ' ಎಂದರು. ಬರೆದುಕೊಟ್ಟೆ. ಮೇಲಿನ ಕಿಟಕಿಯಿಂದ ಚಪ್ಪಾಳೆಯ ಸದ್ದು ಕೇಳಿಸಿತು. ನನ್ನ ಕಾಗದ ಓದಿದಾಗ ಹೊಡೆದರೋ, ಬೇರೆ ಯಾವುದಕ್ಕೋ, ಇಂದಿಗೂ ತಿಳಿಯದು.

ಆ ದಿನದಿಂದ ಎತ್ತಬೇಡಿ ಎನ್ನಲು ಶುರುಮಾಡಿದೆ. ಇದು ಕಷ್ಟ. ಎತ್ತಲು ಬಂದವರ ಮುಖ ಬಾಡುತ್ತದೆ, ಕೆಲವರು ಅಹಂಕಾರ ಎಂದುಕೊಳ್ಳುತ್ತಾರೆ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಎತ್ತುವ ಕೈಗಳು ಇರುವವರೆಗೆ ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ. 'ಇಂದು ನಿಮ್ಮ ಕಚೇರಿಗೆ ಬಂದಿದ್ದೆ, ಒಳಗೆ ಬರಲು ದಾರಿ ಇರಲಿಲ್ಲ' ಎಂದು ಅಲ್ಲೇ ಕುಳಿತು ಅರ್ಜಿ ಬರೆದು, ದಿನಾಂಕ ಹಾಕಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು ಮರಳಿದೆ. ಅಂಥ ಒಂಬತ್ತು ಅರ್ಜಿಗಳು ಕೂಡಿದವು.

ಕಾನೂನಿನ ಮಾತು ಹೀಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರ 44ನೆಯ ಕಲಮಿನ ಪ್ರಕಾರ, ಸುಗಮ ಪ್ರವೇಶದ ನಿಯಮ ಪಾಲಿಸದ ಹೊಸ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವನ್ನೇ ಕೊಡುವಂತಿಲ್ಲ. 45ನೆಯ ಕಲಮು ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಸಂಬಂಧಿಸಿದ್ದು. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಅವನ್ನು ಸರಿಪಡಿಸಬೇಕಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಲೆಕ್ಕ ಹಾಕಿ, ಆ ಗಡುವು 2022ರಲ್ಲೇ ಮುಗಿದಿದೆ. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ರಾಜೀವ್ ರತೂರಿ ಎಂಬ ದೃಷ್ಟಿದೋಷವುಳ್ಳವರು 2005ರಲ್ಲಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟು, ಸುಗಮ ಪ್ರವೇಶದ ಮಾನದಂಡಗಳನ್ನು ಬರೀ ಸಲಹೆಯಂತೆ ಬಿಟ್ಟಿದ್ದ ನಿಯಮವನ್ನು ರದ್ದುಮಾಡಿತು. ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. ಅರ್ಜಿಯಲ್ಲಿ 45ನೆಯ ಕಲಮನ್ನು ತಪ್ಪದೆ ಬರೆಯಿರಿ. ಒಂದು ಪ್ರತಿ ಆ ಕಚೇರಿಗೆ, ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ. ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲೇ ಕಂಡರೆ ಅರ್ಜಿಯ ಓಡಾಟ ಅರ್ಧ ಕಡಿಮೆಯಾಗುತ್ತದೆ.

ನನ್ನ ಒಂಬತ್ತನೆಯ ಅರ್ಜಿಯ ನಂತರ ಆ ಕಚೇರಿಗೆ ಇಳಿಜಾರು ಬಂತು. ನೋಡಿದ ಕೂಡಲೇ ನನಗೆ ಅಳು ಬಂತು, ಸಂತೋಷಕ್ಕಲ್ಲ. ಕಟ್ಟೆಯ ಎತ್ತರ ಮೂರು ಅಡಿ, ಇಳಿಜಾರಿನ ಉದ್ದ ಹತ್ತು ಅಡಿ. ಗಾಲಿಕುರ್ಚಿ ಮೇಲೇರುವ ಬದಲು ಹಿಂದಕ್ಕೆ ಮಗುಚುವಷ್ಟು ಕಡಿದು. ಒಂದಕ್ಕೆ ಹನ್ನೆರಡು ಎಂಬುದು ಮಾನದಂಡ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಅಲ್ಲಿ ಮೂವತ್ತಾರು ಅಡಿ ಬೇಕಿತ್ತು, ನಡುವೆ ದಣಿವಾರಿಸಿಕೊಳ್ಳಲು ಸಮತಟ್ಟಾದ ಜಾಗ, ಎರಡೂ ಬದಿಗೆ ಹಿಡಿಕೆ. ಜಾಗವಿಲ್ಲ ಎಂದು ಗುತ್ತಿಗೆದಾರರು ಹೇಳಿದರು. ನನ್ನ ಹತ್ತನೆಯ ತರಗತಿಯ ಮಕ್ಕಳು ಟೇಪು ಹಿಡಿದು ಅಂಗಳ ಅಳೆದು, ಗೋಡೆಯುದ್ದಕ್ಕೂ ಹೋಗಿ ಒಮ್ಮೆ ತಿರುಗುವ ಇಳಿಜಾರಿನ ನಕ್ಷೆ ಬರೆದರು. ಎಂಟು ತಿಂಗಳ ನಂತರ ಅದರಂತೆಯೇ ಕಟ್ಟಿದರು. ಅಂದು ಮೊದಲ ಸಲ ಒಬ್ಬಳೇ ಒಳಗೆ ಹೋದೆ. ಕಚೇರಿಯ ಗೋಡೆಗೆ ಹಸಿರು ಬಣ್ಣ ಇತ್ತು. ಅದನ್ನೇ ತುಂಬ ಹೊತ್ತು ನೋಡಿದೆ. ಈಗ ಆ ಇಳಿಜಾರಿನಲ್ಲಿ ಕೋಲೂರುವ ಮುದುಕರು, ಬಾಣಂತಿಯರು ನನಗಿಂತ ಹೆಚ್ಚಾಗಿ ಹೋಗುತ್ತಾರೆ.

ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಬಂಡೆ ಇರುವುದನ್ನು ನೀವೂ ನೋಡಿರಬಹುದು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಬಂಡಿಗೇರಿಸಿ, ಜಾನುವಾರು ಹೂಡಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಮಕ್ಕಳು ನನಗೆ ಅದನ್ನು ತೋರಿಸಿದಾಗ ಆ ಗಾಲಿಗಳನ್ನು ನೋಡುತ್ತಾ ಬಹಳ ಸಮಾಧಾನವಾಯಿತು. ಗಾಲಿಗೆ ದಾರಿ ಮಾಡಿಕೊಡುವುದು ಈ ಊರಿಗೆ ಹೊಸದಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ: ಶೌಚಾಲಯ. ಗಾಲಿಕುರ್ಚಿ ಒಳಹೋಗಲು ಮೂರು ಅಡಿ ಅಗಲದ ಬಾಗಿಲು ಬೇಕು. ಅದಿಲ್ಲವೆಂದು ಹೊರಗೆ ಹೊರಡುವ ದಿನ ನಾನು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ನಮ್ಮ ಬೇಸಿಗೆ ನಿಮಗೆ ಗೊತ್ತು, ನಲವತ್ತು ಡಿಗ್ರಿ ದಾಟುತ್ತದೆ. ಮೂತ್ರದ ಸೋಂಕು ಮತ್ತೆ ಮತ್ತೆ ಬಂತು. ಒಮ್ಮೆ ಜ್ವರ ಏರಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದೆ. ನಿಮ್ಮ ತಮ್ಮನೂ ನಾಚಿಕೊಂಡು ನೀರು ಕುಡಿಯುವುದನ್ನೇ ಬಿಡಬಹುದು, ಗಮನಿಸಿ. ಇಳಿಜಾರು ಕೇಳುವ ಅರ್ಜಿಯಲ್ಲೇ ಶೌಚಾಲಯವನ್ನೂ ಕೇಳಿ.

ಉಳಿದವು ಚಿಕ್ಕವು. ಏಪ್ರಿಲ್, ಮೇ ತಿಂಗಳಲ್ಲಿ ಗಾಲಿಯ ಉಕ್ಕಿನ ಬಳೆ ಕೈ ಸುಡುತ್ತದೆ, ಕೈಗವಸು ಕೊಡಿಸಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಮುಂದಿನ ಚಿಕ್ಕ ಗಾಲಿಗಳನ್ನು ಹಿಡಿದು ಬಿಡುವುದೇ ಇಲ್ಲ; ಮನೆಯಿಂದ ಡಾಂಬರು ರಸ್ತೆಯವರೆಗೆ ಮರಂ ಹಾಕಿಸಿ ಗಟ್ಟಿಮಾಡಿಸಿ. ಕುಳಿತಲ್ಲೇ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತುವುದನ್ನು ಅವನು ಮರೆಯಬಾರದು.

ಕಚೇರಿಗಿಂತ ಮೊದಲು ನಿಮ್ಮ ಮನೆಯ ಬಾಗಿಲಿನಿಂದ ಆರಂಭಿಸಿ. ನೆಲದಿಂದ ಹೊಸ್ತಿಲಿನವರೆಗೆ ಎಷ್ಟು ಇಂಚು, ಅಂಗಳ ಎಷ್ಟು ಉದ್ದ ಎಂದು ಅಳೆದು ಈ ಉತ್ತರದ ಕೆಳಗೆ ಬರೆಯಿರಿ. ಕಟ್ಟೆ ಒಂದೂವರೆ ಅಡಿ ಇದ್ದರೆ ಹದಿನೆಂಟು ಅಡಿ ಬೇಕು. ಅಂಗಳ ಚಿಕ್ಕದಾದರೆ ಐದು ಅಡಿ ಚೌಕದ ತಿರುವು ಕೊಟ್ಟು ಮಡಚಬಹುದು. ಮೇಲೆ ನುಣುಪು ಕಲ್ಲು ಹಾಸಬೇಡಿ, ಗೆರೆ ಎಳೆದ ಸಿಮೆಂಟ್ ಸಾಕು. ಅಳತೆ ಕೊಟ್ಟರೆ ಮಕ್ಕಳಿಂದ ನಕ್ಷೆ ಬರೆಸಿ ಇಲ್ಲೇ ಹಾಕುತ್ತೇನೆ.