ನರ್ಸ್ ಹೇಳಿದ ಮಗುನ ತಗೋಬಹುದಾ?

ಪ್ರಶ್ನೆ: ಮದುವೆಯಾಗಿ 9 ವರ್ಷ ಆಯ್ತು, ಮಕ್ಕಳಿಲ್ಲ. ಪರಿಚಯದ ನರ್ಸ್ ಒಬ್ರು, ಮದುವೆ ಆಗದ ಹುಡುಗಿಯೊಬ್ಳಿಗೆ ಹೆರಿಗೆ ಆಗಿದೆ, ಬಾಂಡ್ ಪೇಪರ್ ಮೇಲೆ ಸೈನ್ ಹಾಕಿಸ್ಕೊಂಡು ಮಗು ಒಯ್ಯಿರಿ ಅಂತಿದಾರೆ. ತಗೋಬಹುದಾ ಮೇಡಂ?

ಉತ್ತರ: ಬೇಡಮ್ಮ, ಖಂಡಿತ ಬೇಡ. ನಿಮ್ಮ ಸಂಕಟ ಅರ್ಥ ಆಗತ್ತೆ, ಆದ್ರೆ ಬಾಂಡ್ ಪೇಪರ್‌ನಿಂದ ದತ್ತು ಆಗಲ್ಲ, ಕಾನೂನು ತಪ್ಪಿಸಿ ಹೀಗೆ ಕೊಟ್ರೂ ತಗೊಂಡ್ರೂ 3 ವರ್ಷದ ತನಕ ಜೈಲು, 1 ಲಕ್ಷ ದಂಡ ಬೀಳಬಹುದು. ಆ ಹುಡುಗಿ ಕಡೆಯಿಂದಾನೂ ಸ್ವಲ್ಪ ಯೋಚ್ನೆ ಮಾಡಿ, ಹಸಿ ಬಾಣಂತಿ, ಎದೆಹಾಲು ಇನ್ನೂ ಸೋರ್ತಿರತ್ತೆ, ಅಂಥ ಹೊತ್ತಲ್ಲಿ ಹಾಕಿದ ಸೈನ್‌ಗೆ ಏನ್ ಬೆಲೆ? ಅದಕ್ಕೇ ಅವಳು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮಗುನ ಒಪ್ಪಿಸ್ಬೇಕು, ಅಲ್ಲಿ ಕೌನ್ಸೆಲಿಂಗ್ ಮಾಡ್ತಾರೆ, ಮನಸ್ಸು ಬದಲಾಯ್ಸೋಕೆ 2 ತಿಂಗಳು ಟೈಮ್ ಇರತ್ತೆ, ಹೆಸರು ಗುಟ್ಟಾಗಿಡ್ತಾರೆ. ನೀವು ದತ್ತು ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡ್ಸಿ. ಮನೆಗೆ ಬಂದು ವಿಚಾರಿಸ್ತಾರೆ, ಆಮೇಲೆ ಸರದಿ ಕಾಯೋದು, ಪುಟ್ಟ ಮಗುನೇ ಬೇಕು ಅಂದ್ರೆ ವರ್ಷಗಟ್ಲೆ ಆಗತ್ತೆ, ಸುಳ್ಳು ಹೇಳಲ್ಲ. ಮಗುವಿನ ಫೋಟೋ, ವೈದ್ಯಕೀಯ ವರದಿ ಕಳಿಸಿದ್ಮೇಲೆ ಆ ಮಗುನ ಕಾಯ್ದಿರಿಸೋಕೆ 48 ಗಂಟೆ ಅಷ್ಟೇ. ಕೊನೆ ಆದೇಶ ಈಗ ಕೋರ್ಟಿಂದಲ್ಲ, 2022ರಿಂದ ಜಿಲ್ಲಾಧಿಕಾರಿ ಕೊಡ್ತಾರೆ. ಆ ನರ್ಸಮ್ಮನಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡ್ಲಿ.